ಕಾರ್ ಗಾಜಿಗೆ ಫಿಲ್ಮ್: ಅಂಗಡಿಯಲ್ಲಿ ಹಾಕಿಸ್ಬೇಕಾ, ನಾವೇ ಹಚ್ಕೋಬೇಕಾ? ದುಡ್ಡು ಕೊಡೋ ಮುಂಚೆ ಇದನ್ನ ಓದಿ

ಸಿಂಧನೂರು: ಏಪ್ರಿಲ್ ಬಂತು ಅಂದ್ರೆ ನಮ್ಮ ರಾಯಚೂರು ಜಿಲ್ಲೆಯಲ್ಲಿ ಬಿಸಿಲು 40 ಡಿಗ್ರಿ ದಾಟೋದು ಸುದ್ದಿಯೇ ಅಲ್ಲ. ಮಧ್ಯಾಹ್ನ ಗಾಂಧಿ ವೃತ್ತದ ಹತ್ತಿರ ಕಾರ್ ನಿಲ್ಲಿಸಿ, ಬ್ಯಾಂಕಿನ ಕೆಲಸ ಮುಗಿಸಿ ಅರ್ಧ ಗಂಟೆ ಬಿಟ್ಟು ಬಂದ್ರೆ ಸ್ಟೇರಿಂಗ್ ಮುಟ್ಟೋಕಾಗಲ್ಲ. ಸೀಟಿನ ಮೇಲೆ ಟವೆಲ್ ಹಾಸಿಕೊಂಡೇ ಕೂರಬೇಕು. ಆಗ ಎಲ್ಲರ ತಲೆಯಲ್ಲೂ ಬರೋ ಯೋಚನೆ ಒಂದೇ: ಗಾಜಿಗೆ ಫಿಲ್ಮ್ ಹಾಕಿಸಿದ್ರೆ ಹೇಗೆ?

ಆಮೇಲೆ ಎರಡನೇ ಪ್ರಶ್ನೆ. ಅಂಗಡಿಯಲ್ಲಿ ಕೇಳಿದ್ರೆ ಮೂರು ಸಾವಿರದಿಂದ ಶುರು, ಒಳ್ಳೇದು ಬೇಕಂದ್ರೆ ಹತ್ತು ಸಾವಿರ ದಾಟುತ್ತೆ. ಆನ್‌ಲೈನ್‌ನಲ್ಲಿ ಐನೂರು, ಆರುನೂರು ರೂಪಾಯಿಗೆ ಒಂದು ರೋಲ್ ಮನೆಗೇ ಬರುತ್ತೆ. ಮೊಬೈಲ್‌ನಲ್ಲಿ ವಿಡಿಯೋ ನೋಡಿದ್ರೆ ಹತ್ತು ನಿಮಿಷದ ಕೆಲಸ ಅನ್ಸುತ್ತೆ. ಹಾಗಾದ್ರೆ ನಾವೇ ಯಾಕೆ ಹಚ್ಕೋಬಾರದು?

ಈ ಪ್ರಶ್ನೆಗೆ ನಾನು ಸ್ವಂತ ಅನುಭವದಿಂದಲೇ ಉತ್ತರ ಹೇಳಬಲ್ಲೆ. ಆದ್ರೆ ಅದಕ್ಕೂ ಮುಂಚೆ ಬಹಳ ಜನ ಕೇಳದೇ ಬಿಡೋ ಇನ್ನೊಂದು ಪ್ರಶ್ನೆ ಇದೆ: ಹಚ್ಚೋದಕ್ಕೆ ಕಾನೂನು ಬಿಡುತ್ತಾ? ಅಲ್ಲಿಂದಲೇ ಶುರು ಮಾಡೋಣ.

ಕಾನೂನು ಏನ್ ಹೇಳುತ್ತೆ?

ಕೇಂದ್ರ ಮೋಟಾರು ವಾಹನ ನಿಯಮಗಳು, 1989. ಅದರ 100ನೇ ನಿಯಮ ಗಾಜಿನ ಬಗ್ಗೆ. ಮುಂದಿನ ಗಾಜು ಮತ್ತು ಹಿಂದಿನ ಗಾಜಿನ ಮೂಲಕ ಕನಿಷ್ಠ ಶೇ 70ರಷ್ಟು ಬೆಳಕು ಒಳಗೆ ಬರಬೇಕು. ಪಕ್ಕದ ಗಾಜುಗಳಲ್ಲಿ ಕನಿಷ್ಠ ಶೇ 50. ಈ ಬೆಳಕಿನ ಲೆಕ್ಕಕ್ಕೇ ಅಂಗಡಿಯವರು 'ವಿಎಲ್‌ಟಿ' ಅಂತಾರೆ. ನಂಬರ್ ಕಮ್ಮಿ ಆದಷ್ಟೂ ಗಾಜು ಕಪ್ಪು.

ಮೊದಲು ಜನ ಈ ನಂಬರ್ ಒಳಗೆ ಬರುತ್ತೆ ಅಂತ ಹೇಳ್ಕೊಂಡು ಫಿಲ್ಮ್ ಹಾಕಿಸ್ತಿದ್ರು. 2012ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟ್ ಅದಕ್ಕೂ ತೆರೆ ಎಳೀತು. ಅವಿಷೇಕ್ ಗೋಯೆಂಕಾ ಅನ್ನೋರು ಹಾಕಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಅದು. ಕಪ್ಪು ಗಾಜಿನ ಕಾರುಗಳಲ್ಲಿ ಅಪರಾಧ ನಡೀತಿವೆ, ಅಪಘಾತಕ್ಕೂ ಕಾರಣ ಆಗ್ತಿವೆ ಅನ್ನೋದು ಅವರ ವಾದ. ಕೋರ್ಟ್ ಹೇಳಿದ್ದು ಇಷ್ಟು: ಕಂಪನಿಯಲ್ಲಿ ಗಾಜು ತಯಾರಾಗುವಾಗಲೇ ಬಣ್ಣ ಇದ್ದು, 70 ಮತ್ತು 50ರ ಲೆಕ್ಕ ಸರಿ ಇದ್ರೆ ತೊಂದರೆ ಇಲ್ಲ. ಆದ್ರೆ ಆಮೇಲೆ ತಂದು ಅಂಟಿಸೋ ಕಪ್ಪು ಫಿಲ್ಮ್, ಅದರ ವಿಎಲ್‌ಟಿ ಎಷ್ಟೇ ಇರಲಿ, ಬೇಡ. ಫಿಲ್ಮ್ ಅಷ್ಟೇ ಅಲ್ಲ, ಗಾಜಿನ ಮೇಲೆ 'ಬೇರೆ ಯಾವುದೇ ವಸ್ತು'ವೂ ಬೇಡ ಅಂತ ಆದೇಶದಲ್ಲಿದೆ. ಅದೇ ವರ್ಷ ಮೇ 4ರಿಂದ ಜಾರಿಗೆ ಬಂತು. ಫಿಲ್ಮ್ ವ್ಯಾಪಾರದವರು ಆದೇಶ ಬದಲಿಸಿ ಅಂತ ಮತ್ತೆ ಹೋದ್ರು, ಆಗಸ್ಟ್‌ನಲ್ಲಿ ಅದೂ ವಜಾ ಆಯ್ತು.

ಮತ್ತೆ ದೊಡ್ಡವರ ಕಾರಿಗೆ ಹೆಂಗೆ ಇರ್ತದೆ ಅಂತ ಕೇಳ್ತೀರಿ. ಝಡ್, ಝಡ್ ಪ್ಲಸ್ ಭದ್ರತೆ ಇರೋರಿಗೆ ಮಾತ್ರ, ಅದೂ ಸಮಿತಿ ಒಪ್ಪಿದ್ರೆ ವಿನಾಯಿತಿ ಇದೆ. ನಮಗೂ ನಿಮಗೂ ಅದು ಸಂಬಂಧವಿಲ್ಲದ ಮಾತು.

ಕೇರಳದ ತೀರ್ಪು ಬಂದಿದೆಯಲ್ಲ?

ಹೌದು. ಅಂಗಡಿಗಳಲ್ಲಿ ಈಗ ಎಲ್ಲರೂ ಹೇಳೋ ಮಾತು ಇದೇ. 'ಈಗ ಪರ್ಮಿಷನ್ ಐತ್ರಿ, ಕೋರ್ಟೇ ಹೇಳೇತಿ.' ಇದು ಅರ್ಧ ಸತ್ಯ. ಪೂರ್ತಿ ಏನು ಅಂತ ನೋಡಿ.

2020ರಲ್ಲಿ 100ನೇ ನಿಯಮಕ್ಕೆ ತಿದ್ದುಪಡಿ ಬಂತು, 2021ರ ಏಪ್ರಿಲ್ 1ರಿಂದ ಜಾರಿ. ಅದರ ಪ್ರಕಾರ 'ಸೇಫ್ಟಿ ಗ್ಲಾಸ್' ಜೊತೆಗೆ 'ಸೇಫ್ಟಿ ಗ್ಲೇಜಿಂಗ್' ಅನ್ನೋದೂ ಸೇರ್ತು. ಅಂದ್ರೆ ಒಳಮೈಗೆ ಪ್ಲಾಸ್ಟಿಕ್ ಪದರ ಇರೋ ಗಾಜನ್ನೂ ನಿಯಮ ಒಪ್ಪುತ್ತೆ. ಇದನ್ನೇ ಹಿಡಿದು 2024ರ ಸೆಪ್ಟೆಂಬರ್‌ನಲ್ಲಿ ಕೇರಳ ಹೈಕೋರ್ಟ್, ನಿಯಮದ ಮಟ್ಟ ಪಾಲಿಸೋ ಫಿಲ್ಮ್‌ಗೆ ದಂಡ ಹಾಕೋ ಹಾಗಿಲ್ಲ ಅಂತು.

ಇಲ್ಲಿ ಎರಡು ವಿಷಯ ಗಮನಿಸಿ. ಒಂದು, ಅದು ಕೇರಳದ ಹೈಕೋರ್ಟ್. ನಮ್ಮ ಚೆಕ್‌ಪೋಸ್ಟ್‌ನಲ್ಲಿ ನಿಂತಿರೋ ಪೊಲೀಸರು ನೋಡೋದು ಸುಪ್ರೀಂ ಕೋರ್ಟ್ ಆದೇಶವನ್ನ. ಎರಡು, ಆ ತೀರ್ಪು ಕೂಡ 70 ಮತ್ತು 50ರ ಲೆಕ್ಕ ಬಿಟ್ಟುಕೊಟ್ಟಿಲ್ಲ. ಕಪ್ಪಗೆ ಹಾಕ್ಕೊಳ್ಳಿ ಅಂತ ಯಾವ ಕೋರ್ಟೂ ಎಲ್ಲೂ ಹೇಳಿಲ್ಲ.

ದಂಡ ಎಷ್ಟು? ಮೋಟಾರು ವಾಹನ ಕಾಯ್ದೆ 177ನೇ ಸೆಕ್ಷನ್ ಪ್ರಕಾರ ಮೊದಲ ಸಲ 500 ರೂಪಾಯಿವರೆಗೆ, ಮತ್ತೆ ಸಿಕ್ಕಿಬಿದ್ರೆ 1,500 ರೂಪಾಯಿವರೆಗೆ. ಅದರ ಜೊತೆಗೆ ಸ್ಥಳದಲ್ಲೇ ಫಿಲ್ಮ್ ಕಿತ್ತು ಹಾಕ್ತಾರೆ. ನಿಜವಾದ ನಷ್ಟ ಅದೇ.

ನಮ್ಮ ಮಾವನ ಕಾರಿನ ಕತೆ

ನಮ್ಮ ಸೋದರಮಾವ ಒಂದು ಸೆಕೆಂಡ್ ಹ್ಯಾಂಡ್ ಕಾರ್ ತಗೊಂಡು ಎಲ್ಲೋ ಬೋರ್ಡ್ ಓಡಿಸ್ತಾರೆ. ಜಾಸ್ತಿ ಬಾಡಿಗೆ ಆಸ್ಪತ್ರೆಯದ್ದೇ. ರಾಯಚೂರು, ಬಳ್ಳಾರಿ, ಕೆಲವೊಮ್ಮೆ ಹುಬ್ಬಳ್ಳಿ. ಹಿಂದಿನ ಸೀಟಿನಲ್ಲಿ ವಯಸ್ಸಾದವರು, ಬಾಣಂತಿಯರು ಬಿಸಿಲಿಗೆ ಒದ್ದಾಡೋದು ನೋಡಿ ಮಾವನಿಗೆ ಫಿಲ್ಮ್ ಹಾಕೋ ಆಸೆ. ಆಗ ನಾನು ಕಾಲೇಜ್ ಬಿಟ್ಟು ಮನೆಯಲ್ಲಿದ್ದೆ. 'ಅಂಗಡಿಗೆ ಯಾಕೆ ನಾಲ್ಕು ಸಾವಿರ, ನಾನೇ ಹಚ್ತೀನಿ' ಅಂದೆ.

ನಾನೂ ನನ್ನ ಗೆಳೆಯನೂ ಸೇರಿ ಭಾನುವಾರ ಬೆಳಿಗ್ಗೆ ಶುರು ಮಾಡಿದ್ವಿ. ಮನೆ ಮುಂದೆ, ಬಯಲಲ್ಲಿ. ಗಾಳಿಗೆ ಧೂಳು ಹಾರ್ತಿತ್ತು. ಫಿಲ್ಮ್‌ನ ಹಿಂದಿನ ಪ್ಲಾಸ್ಟಿಕ್ ತೆಗೆದ ಕೂಡಲೇ ಅಂಟಿನ ಮೇಲೆ ಮಣ್ಣಿನ ಕಣ ಕೂತ್ಕೊಂಡ್ವು. ಒಂದೊಂದು ಕಣಕ್ಕೆ ಒಂದೊಂದು ಗುಳ್ಳೆ. ಪಕ್ಕದ ನಾಲ್ಕು ಗಾಜು ಹೆಂಗೋ ಮುಗೀತು. ಹಿಂದಿನ ಗಾಜು ಎರಡೂ ಕಡೆಗೆ ಬಾಗಿರುತ್ತೆ, ಅದಕ್ಕೆ ಹೀಟ್ ಗನ್‌ನಿಂದ ಫಿಲ್ಮ್ ಕುಗ್ಗಿಸಿ ಕೂರಿಸ್ಬೇಕು. ನಮ್ಮ ಹತ್ರ ಅಕ್ಕನ ಹೇರ್ ಡ್ರೈಯರ್ ಇತ್ತು. ಫಿಲ್ಮ್ ಸುಕ್ಕು ಬಿಟ್ಟು ಬೆರಳಿನ ಹಾಗೆ ಎದ್ದು ನಿಂತ್ಕೊಂಡ್ತು. ಬ್ಲೇಡ್‌ನಿಂದ ಅಂಚು ಕತ್ತರಿಸೋಕೆ ಹೋಗಿ ಗಾಜಿಗೆ ಅಂಟಿರೋ ಡಿಫಾಗರ್ ಗೆರೆ ಎರಡು ಕಟ್ ಆದ್ವು. ಸೋಪಿನ ನೀರು ಬಾಗಿಲಿನ ಒಳಗೆ ಇಳಿದು ಒಂದು ಪವರ್ ವಿಂಡೋ ಸ್ವಿಚ್ ಕೆಟ್ಟಿತು. ಅದರ ರಿಪೇರಿಗೇ ಫಿಲ್ಮ್‌ಗಿಂತ ಜಾಸ್ತಿ ಖರ್ಚಾಯ್ತು.

ಎರಡು ತಿಂಗಳಿಗೆ ಕಪ್ಪು ಬಣ್ಣ ನೇರಳೆಗೆ ತಿರುಗ್ತು. ಮೂರನೇ ತಿಂಗಳು ಒಂದು ಚೆಕಿಂಗ್‌ನಲ್ಲಿ ಸಿಕ್ಕಿಬಿದ್ರು. ಒಳಗೆ ರೋಗಿ ಇದ್ರು, ಬಾಡಿಗೆ ತಡ ಆಯ್ತು, ಐನೂರು ದಂಡ ಕಟ್ಟಿ, ಗಾಜಿನ ಮೇಲೆ ಅರ್ಧಂಬರ್ಧ ಅಂಟು ಉಳಿಸ್ಕೊಂಡು ಬಂದ್ರು.

ಆದ್ರೆ ನಾನು ಮರೆಯದೇ ಇರೋದು ದಂಡ ಅಲ್ಲ. ಅದಕ್ಕೂ ಮುಂಚೆ ಒಂದು ರಾತ್ರಿ, ನಮ್ಮ ಓಣಿಯಲ್ಲೇ, ಮಾವ ಕಾರ್ ರಿವರ್ಸ್ ತಗೊಳ್ತಿದ್ರು. ಕರೆಂಟ್ ಹೋಗಿತ್ತು. ಹಿಂದೆ ಪಕ್ಕದ ಮನೆಯ ಹುಡುಗ ಸೈಕಲ್ ಹಿಡ್ಕೊಂಡು ನಿಂತಿದ್ದ. ಕಪ್ಪು ಗಾಜಿನಲ್ಲಿ ಏನೂ ಕಾಣಿಸಿಲ್ಲ. ಹುಡುಗನ ತಾಯಿ ಕಿರುಚಿದ್ದಕ್ಕೆ ಬ್ರೇಕ್ ಬಿತ್ತು. ಸೈಕಲ್‌ನ ಹಿಂದಿನ ಚಕ್ರ ಮಾತ್ರ ಸೊಟ್ಟ ಆಯ್ತು. ಆವತ್ತು ರಾತ್ರಿ ಮಾವ ಊಟ ಮಾಡ್ಲಿಲ್ಲ. ಆ ಫಿಲ್ಮ್ ಹಚ್ಚಿದ್ದು ನಾನು. ನಿಯಮದಲ್ಲಿ ಹಿಂದಿನ ಗಾಜಿಗೂ 70 ಅಂತ ಯಾಕಿದೆ ಅನ್ನೋದು ನನಗೆ ಆವತ್ತು ಅರ್ಥ ಆಯ್ತು.

ಕಪ್ಪು ಅಂದ್ರೆ ತಂಪು ಅಲ್ಲ

ಎಲ್ಲರೂ ಮಾಡೋ ದೊಡ್ಡ ತಪ್ಪು ಇದು. ಗಾಜು ಎಷ್ಟು ಕಪ್ಪೋ ಕಾರ್ ಅಷ್ಟು ತಂಪು ಅನ್ಕೋತಾರೆ. ಬಿಸಿಲಿನ ಶಕ್ತಿಯಲ್ಲಿ ಸುಮಾರು ಅರ್ಧ ಭಾಗ ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣ. ಕಣ್ಣಿಗೆ ಕಾಣೋ ಬೆಳಕು ಅದಕ್ಕಿಂತ ಸ್ವಲ್ಪ ಕಮ್ಮಿ. ಅಲ್ಟ್ರಾವಯೊಲೆಟ್ ಬರೀ ಶೇ 5ರ ಆಸುಪಾಸು. ಅಗ್ಗದ ಕಪ್ಪು ಫಿಲ್ಮ್ ತಡೆಯೋದು ಮುಖ್ಯವಾಗಿ ಕಾಣೋ ಬೆಳಕನ್ನ. ಕಣ್ಣಿಗೆ ತಂಪು ಅನ್ಸುತ್ತೆ, ಶಾಖ ಮಾತ್ರ ಒಳಗೆ ಬರ್ತಾನೇ ಇರುತ್ತೆ. ಜೊತೆಗೆ ಕಪ್ಪು ಬಣ್ಣ ಬಿಸಿಲು ಹೀರಿ ಗಾಜೇ ಕಾದು ಒಳಗೆ ಕಾವು ಬಿಡುತ್ತೆ.

ಮಾರ್ಕೆಟ್‌ನಲ್ಲಿ ಸಿಗೋದು ಮುಖ್ಯವಾಗಿ ನಾಲ್ಕು ಥರ:

ಡೈಯ್ಡ್ ಫಿಲ್ಮ್: ಬರೀ ಬಣ್ಣ. ಅಗ್ಗ. ಬೇಗ ನೇರಳೆ ಆಗುತ್ತೆ. ನಾವು ಹಚ್ಚಿದ್ದು ಇದೇ.

ಮೆಟಲೈಸ್ಡ್: ಲೋಹದ ಸಣ್ಣ ಪದರ ಇರುತ್ತೆ, ಶಾಖ ಹೊರಗೆ ತಳ್ಳುತ್ತೆ. ಆದ್ರೆ ರೇಡಿಯೋ, ಜಿಪಿಎಸ್ ಸಿಗ್ನಲ್‌ಗೆ ಅಡ್ಡಿ. ಮುಂದಿನ ಗಾಜಿಗೆ ಹಾಕಿದ್ರೆ ಟೋಲ್‌ನಲ್ಲಿ ಫಾಸ್ಟ್ಯಾಗ್ ಓದದೇ ಇರಬಹುದು.

ಕಾರ್ಬನ್: ಬಣ್ಣ ಮಾಸಲ್ಲ, ಸಿಗ್ನಲ್‌ಗೆ ತೊಂದರೆ ಇಲ್ಲ. ಬೆಲೆ ಮಧ್ಯಮ.

ಸೆರಾಮಿಕ್: ಹೆಚ್ಚುಕಮ್ಮಿ ಪಾರದರ್ಶಕವಾಗಿದ್ದರೂ ಇನ್‌ಫ್ರಾರೆಡ್ ತಡೆಯುತ್ತೆ. ಬೆಲೆ ಎಲ್ಲಕ್ಕಿಂತ ಜಾಸ್ತಿ.

ಅಂದ್ರೆ ಕಾರ್ ತಂಪಾಗಬೇಕು ಅನ್ನೋದೇ ನಿಮ್ಮ ಉದ್ದೇಶ ಆಗಿದ್ರೆ ಕಪ್ಪು ಬೇಕಾಗೇ ಇಲ್ಲ. ಕಪ್ಪೇ ಬೇಕು ಅಂದ್ರೆ ಅದು ಶೋಕಿ, ಬಿಸಿಲಿನ ನೆಪ ಬೇಡ.

ಅಂಗಡಿಯವರು ಹೇಳದ ಗುಣಾಕಾರ

'50 ವಿಎಲ್‌ಟಿ ಫಿಲ್ಮ್ ಹಾಕ್ತೀವಿ ಸಾರ್, ಲೀಗಲ್ ಐತಿ' ಅಂತಾರೆ. ಇಲ್ಲೇ ಮೋಸ ಇರೋದು. ಗಾಜು ಕೂಡ ಸ್ವಲ್ಪ ಬೆಳಕು ತಡೆಯುತ್ತೆ. ಕಂಪನಿಯಿಂದ ಬರೋ ತಿಳಿ ಹಸಿರು ಗಾಜು ಶೇ 75ರಷ್ಟು ಬೆಳಕು ಬಿಡುತ್ತೆ ಅಂತ ಇಟ್ಕೊಳ್ಳಿ. ಅದರ ಮೇಲೆ 50ರ ಫಿಲ್ಮ್ ಹಾಕಿದ್ರೆ 75ರಲ್ಲಿ ಅರ್ಧ, ಅಂದ್ರೆ 37.5. ನಿಯಮಕ್ಕಿಂತ ಕೆಳಗೆ ಬಂತು. ಅದೇ ಗಾಜಿಗೆ 70ರ ಫಿಲ್ಮ್ ಹಾಕಿದ್ರೆ 52.5. ಪಕ್ಕದ ಗಾಜಿಗೆ ಇದು ಹೆಂಗೋ ದಡ ಮುಟ್ಟುತ್ತೆ.

ಮುಂದಿನ ಗಾಜಿನದ್ದು ಇನ್ನೂ ಕಷ್ಟ. ಗಾಜು ಶೇ 80 ಬೆಳಕು ಬಿಡುತ್ತೆ ಅಂದ್ರೆ, 70 ಉಳಿಸ್ಕೊಳ್ಳೋಕೆ ಫಿಲ್ಮ್ ಕನಿಷ್ಠ 87.5 ಇರ್ಬೇಕು. ಅಂದ್ರೆ ಕಣ್ಣಿಗೆ ಕಾಣದಷ್ಟು ತಿಳಿ. ಹಿಂದಿನ ಗಾಜಿಗೂ ಇದೇ ಲೆಕ್ಕ. ಹಾಗಾಗಿ ಹೊರಗಿನಿಂದ ನೋಡಿದ್ರೆ 'ಫಿಲ್ಮ್ ಹಾಕ್ಯಾರ' ಅಂತ ಗೊತ್ತಾಗೋ ಫಿಲ್ಮ್ ಬಹುತೇಕ ಕೇರಳದ ಲೆಕ್ಕದಲ್ಲೂ ಪಾಸ್ ಆಗಲ್ಲ.

ಹಾಗಾದ್ರೆ ಯಾವುದು ಅಂಗಡಿಯಲ್ಲಿ, ಯಾವುದು ನಾವೇ?

ಕಪ್ಪು ಫಿಲ್ಮ್: ಅಂಗಡಿಯಲ್ಲೂ ಬೇಡ, ಮನೆಯಲ್ಲೂ ಬೇಡ. ಹತ್ತು ಸಾವಿರ ಕೊಟ್ಟು ಚೆನ್ನಾಗಿ ಹಾಕಿಸಿದ್ರೂ ಕೀಳೋಕೆ ಪೊಲೀಸರಿಗೆ ಎರಡು ನಿಮಿಷ ಸಾಕು. ಎಲ್ಲೋ ಬೋರ್ಡ್‌ನವರಂತೂ ಯೋಚನೆನೇ ಮಾಡಬೇಡಿ. ದಿನಾ ರೋಡ್ ಮೇಲಿರೋ ಗಾಡಿ, ದಿನಾ ಚೆಕಿಂಗ್.

ತಿಳಿ ಸೆರಾಮಿಕ್ ಫಿಲ್ಮ್: ಮೇಲೆ ಹೇಳಿದ ಕಾನೂನಿನ ರಿಸ್ಕ್ ಗೊತ್ತಿದ್ದೂ ಹಾಕಿಸ್ಲೇಬೇಕು ಅಂದ್ರೆ, ಅಂಗಡಿಯಲ್ಲೇ ಹಾಕಿಸಿ. ಇದನ್ನ ಸ್ವಂತ ಮಾಡೋಕೆ ಹೋಗಬೇಡಿ. ಫಿಲ್ಮೇ ದುಬಾರಿ, ಒಂದು ಗಾಜು ಹಾಳಾದ್ರೆ ಉಳಿತಾಯ ಪೂರ್ತಿ ಹೋಯ್ತು. ತಿಳಿ ಫಿಲ್ಮ್‌ನಲ್ಲಿ ಒಂದು ಸಣ್ಣ ಗುಳ್ಳೆ ಬಿದ್ದರೂ ರಾತ್ರಿ ಎದುರಿನ ಗಾಡಿ ಲೈಟಿಗೆ ಕಣ್ಣಿಗೆ ಹೊಡೆಯುತ್ತೆ. ಅಂಗಡಿಗೆ ಹೋದಾಗ ಈ ಐದು ಮಾತು ಕೇಳಿ:

1. ಕೆಲಸ ಎಲ್ಲಿ ಮಾಡ್ತೀರಿ? ಮುಚ್ಚಿದ, ಧೂಳಿಲ್ಲದ ಜಾಗ ಇರ್ಬೇಕು. ರೋಡ್ ಪಕ್ಕ ಮರದ ಕೆಳಗೆ ಹಾಕೋರಿಗೂ ನನಗೂ ವ್ಯತ್ಯಾಸ ಏನೂ ಇಲ್ಲ.

2. ಫಿಲ್ಮ್ ಹೇಗೆ ಕತ್ತರಿಸ್ತೀರಿ? ಗಾಜಿನ ಮೇಲಿಟ್ಟು ಬ್ಲೇಡ್ ಎಳೆದ್ರೆ ಗಾಜಿಗೆ, ಡಿಫಾಗರ್‌ಗೆ ಗೀರು ಬೀಳುತ್ತೆ. ಮೊದಲೇ ಅಳತೆಗೆ ಮೆಷಿನ್‌ನಲ್ಲಿ ಕತ್ತರಿಸೋದು ಒಳ್ಳೇದು.

3. ಹಾಕಿದ ಮೇಲೆ ಗಾಜು ಸೇರಿ ಒಟ್ಟು ವಿಎಲ್‌ಟಿ ಎಷ್ಟು? ಮೀಟರ್ ಹಿಡಿದು ತೋರಿಸೋಕೆ ಹೇಳಿ. ಫಿಲ್ಮ್ ಡಬ್ಬಿ ಮೇಲಿನ ನಂಬರ್ ಒಪ್ಪಬೇಡಿ.

4. ಬಿಲ್ ಕೊಡ್ತೀರಾ? ಫಿಲ್ಮ್ ಹೆಸರು, ವಿಎಲ್‌ಟಿ, ವಾರಂಟಿ ವರ್ಷ ಬಿಲ್‌ನಲ್ಲಿ ಬರೀಬೇಕು. ಬಾಯಿಮಾತಿನ ವಾರಂಟಿ ಬಾಯಲ್ಲೇ ಉಳಿಯುತ್ತೆ.

5. ಪೊಲೀಸರು ತೆಗೆಸಿದ್ರೆ? ಈ ಪ್ರಶ್ನೆಗೆ ಅಂಗಡಿಯವರು ನಕ್ಕು ಸುಮ್ಮನಾದ್ರೆ ನೀವೂ ಸುಮ್ಮನೆ ಎದ್ದು ಬನ್ನಿ.

ಹಾಕಿಸಿದ ಮೇಲೆ ಮೂರ್ನಾಲ್ಕು ದಿನ ಗಾಜು ಇಳಿಸಬೇಡಿ. ಒಳಗೆ ನೀರು ಒಣಗೋಕೆ ಟೈಮ್ ಬೇಕು. ಸಣ್ಣ ಮಂಜಿನ ಹಾಗೆ ಕಂಡ್ರೆ ಗಾಬರಿ ಬೇಡ, ನಮ್ಮ ಬಿಸಿಲಿಗೆ ಒಂದೆರಡು ವಾರದಲ್ಲಿ ಹೋಗುತ್ತೆ.

ಹಳೇ ಫಿಲ್ಮ್ ಕೀಳೋದು: ಇದನ್ನ ನೀವೇ ಮಾಡ್ಕೊಳ್ಳಿ. ಸೆಕೆಂಡ್ ಹ್ಯಾಂಡ್ ಕಾರ್ ತಗೊಂಡವರಿಗೆ ಇದು ಜಾಸ್ತಿ ಉಪಯೋಗ. ಕಾರನ್ನ ಒಂದು ಗಂಟೆ ಬಿಸಿಲಿಗೆ ನಿಲ್ಲಿಸಿ, ಅಂಟು ಮೆತ್ತಗಾಗುತ್ತೆ. ಮೇಲಿನ ಒಂದು ಮೂಲೆ ಉಗುರಿನಿಂದ ಎಬ್ಬಿಸಿ, ನಿಧಾನಕ್ಕೆ ಕೆಳಗೆ ಎಳೀತಾ ಬನ್ನಿ. ಜೋರಾಗಿ ಎಳೆದ್ರೆ ಫಿಲ್ಮ್ ಬಂದು ಅಂಟು ಗಾಜಿನ ಮೇಲೇ ಉಳಿಯುತ್ತೆ. ಉಳಿದ ಅಂಟಿಗೆ ಪಾತ್ರೆ ತೊಳೆಯೋ ಸೋಪಿನ ನೀರು ಸಿಂಪಡಿಸಿ ಹತ್ತು ನಿಮಿಷ ಬಿಟ್ಟು ಪ್ಲಾಸ್ಟಿಕ್ ಕಾರ್ಡ್‌ನಿಂದ ಕೆರೆಯಿರಿ. ಹಿಂದಿನ ಗಾಜಿಗೆ ಬ್ಲೇಡ್ ಹಚ್ಚಲೇಬೇಡಿ. ಬಾಗಿಲಿನ ಸ್ವಿಚ್ ಮೇಲೆ ಒಂದು ಟವೆಲ್ ಹಾಸಿ. ನಾನು ಹಾಸಿರಲಿಲ್ಲ.

ಜಾಳಿಗೆ ಸನ್‌ಶೇಡ್, ಪರದೆ: ಗಾಡಿ ನಿಂತಾಗ ಹಾಕ್ಕೊಳ್ಳಿ, ಓಡಿಸುವಾಗ ತೆಗೀರಿ. ಆದೇಶದಲ್ಲಿ 'ಬೇರೆ ಯಾವುದೇ ವಸ್ತು' ಅನ್ನೋ ಮಾತು ನೆನಪಿರಲಿ. ಮಗುವಿನ ಮುಖಕ್ಕೆ ಬಿಸಿಲು ಬೀಳುತ್ತೆ ಅಂತ ಜಾಳಿಗೆ ಹಾಕಿದ್ರೂ ತಡೆದು ನಿಲ್ಲಿಸಬಹುದು.

ಅಂಗಡಿ ಮಾಲೀಕರಿಗೆ ಒಂದು ಮಾತು

ಮೋಟಾರು ವಾಹನ ನಿಯಮ ಕಾರಿನ ಗಾಜಿಗೆ, ಅಂಗಡಿಯ ಗಾಜಿಗಲ್ಲ. ಬಟ್ಟೆ ಅಂಗಡಿ, ಮೆಡಿಕಲ್, ಮೊಬೈಲ್ ಅಂಗಡಿಯವರು ಪಶ್ಚಿಮಕ್ಕೆ ಮುಖ ಮಾಡಿದ ಗಾಜಿಗೆ ಧಾರಾಳವಾಗಿ ಫಿಲ್ಮ್ ಹಾಕ್ಕೋಬಹುದು. ಡಿಸ್‌ಪ್ಲೇಗೆ ಇಟ್ಟ ಸೀರೆ ಬಣ್ಣ ಮಾಸೋದು ಬಿಸಿಲಿನಿಂದಲೇ, ಅದರಲ್ಲೂ ಅಲ್ಟ್ರಾವಯೊಲೆಟ್ ಕಿರಣದ ಪಾತ್ರ ದೊಡ್ಡದು.

ಸ್ವಂತ ಕೈಯಿಂದ ಹಚ್ಚಿ ಕಲಿಯೋಕೆ ಇದೇ ಸರಿಯಾದ ಜಾಗ. ಗಾಜು ಚಪ್ಪಟೆ, ಬಾಗಿಲ್ಲ, ಹೀಟ್ ಗನ್ ಬೇಡ. ಬೆಳಿಗ್ಗೆ ಬೇಗ, ಗಾಳಿ ಏಳೋ ಮುಂಚೆ ಮಾಡಿ. ಮೊದಲು ನೆಲಕ್ಕೆ ನೀರು ಚಿಮುಕಿಸಿ, ಧೂಳು ಏಳಲ್ಲ. ಫ್ಯಾನ್ ಬಂದ್ ಮಾಡಿ. ಒಂದು ಲೀಟರ್ ನೀರಿಗೆ ನಾಲ್ಕೈದು ಹನಿ ಬೇಬಿ ಶಾಂಪೂ ಹಾಕಿ ಸ್ಪ್ರೇ ಬಾಟಲಿಗೆ ತುಂಬಿ. ಗಾಜು, ಫಿಲ್ಮ್‌ನ ಅಂಟು ಎರಡಕ್ಕೂ ಧಾರಾಳ ಸಿಂಪಡಿಸಿ. ಒದ್ದೆ ಇದ್ದಾಗ ಫಿಲ್ಮ್ ಜಾರುತ್ತೆ, ಸರಿಯಾಗಿ ಕೂರಿಸೋಕೆ ಅವಕಾಶ ಸಿಗುತ್ತೆ. ನಡುವಿನಿಂದ ಅಂಚಿನ ಕಡೆಗೆ ರಬ್ಬರ್ ಪಟ್ಟಿಯಿಂದ ನೀರು ತಳ್ಳಿ. ಅಂಚಿನಲ್ಲಿ ಒಂದೆರಡು ಮಿಲಿಮೀಟರ್ ಜಾಗ ಬಿಡಿ, ಇಲ್ಲಾಂದ್ರೆ ಎದ್ದು ಬರುತ್ತೆ. ಇಬ್ಬರು ಬೇಕು, ಒಬ್ಬರಿಂದ ಆಗಲ್ಲ.

ಒಂದು ಎಚ್ಚರಿಕೆ: ಒಳಗೆ ತಂತಿ ಜಾಲ ಇರೋ ಗಾಜಿಗೆ, ಮೊದಲೇ ಬಿರುಕು ಇರೋ ಗಾಜಿಗೆ ಗಾಢ ಕಪ್ಪು ಫಿಲ್ಮ್ ಹಚ್ಚಬೇಡಿ. ಬಿಸಿಲು ಹೀರಿ ಗಾಜು ಒಂದು ಕಡೆ ಜಾಸ್ತಿ ಕಾದು ಸೀಳಬಹುದು.

ಫಿಲ್ಮ್ ಇಲ್ಲದೇ ತಂಪು

ಖರ್ಚಿಲ್ಲದ ದಾರಿ ಕೂಡ ಇದೆ. ಗಾಡಿ ನಿಲ್ಲಿಸಿದಾಗ ಮುಂದಿನ ಗಾಜಿನ ಒಳಗೆ ಬೆಳ್ಳಿ ಬಣ್ಣದ ಮಡಚೋ ಸನ್‌ಶೇಡ್ ಇಡಿ, ಇನ್ನೂರು ಮುನ್ನೂರಕ್ಕೆ ಸಿಗುತ್ತೆ. ಕಾರೊಳಗೆ ಬಿಸಿಲು ಜಾಸ್ತಿ ನುಗ್ಗೋದೇ ಆ ದೊಡ್ಡ ಗಾಜಿನಿಂದ. ಬಂದ ಕೂಡಲೇ ಎಸಿ ಹಾಕಿ ಗಾಜು ಮುಚ್ಚಬೇಡಿ. ಒಂದು ಕಡೆ ಗಾಜು ಇಳಿಸಿ, ಎದುರಿನ ಬಾಗಿಲನ್ನ ನಾಲ್ಕೈದು ಸಲ ತೆಗೆದು ಹಾಕಿ, ಒಳಗಿನ ಕಾದ ಗಾಳಿ ಹೊರಗೆ ಹೋಗುತ್ತೆ. ಗಾಜು ಇಳಿಸಿ ಒಂದು ನಿಮಿಷ ಓಡಿಸಿ, ಆಮೇಲೆ ಎಸಿ. ತಂಪಾದ ಮೇಲೆ ಒಳಗಿನ ಗಾಳಿಯೇ ತಿರುಗೋ ಬಟನ್ ಒತ್ತಿ.

ನಮ್ಮ ಮಾವ ಈಗ ಇದನ್ನೇ ಮಾಡ್ತಾರೆ. ಹಿಂದಿನ ಸೀಟಿಗೆ ಬಿಳಿ ಕಾಟನ್ ಕವರ್, ಒಂದು ಸನ್‌ಶೇಡ್, ಎಸಿ ಗ್ಯಾಸ್ ಸರಿಯಾಗಿ ತುಂಬಿಸಿದ್ದಾರೆ. ಗಾಜು ಕಂಪನಿಯಿಂದ ಬಂದ ಹಾಗೇ ಇದೆ. ಹಿಂದಿನ ಗಾಜಿನಲ್ಲಿ ನಾನು ಕತ್ತರಿಸಿದ ಎರಡು ಗೆರೆ ಇನ್ನೂ ಹಾಗೇ ಇವೆ. ಆ ಹುಡುಗ ಈಗ ಏಳನೇ ಕ್ಲಾಸ್, ಅದೇ ಸೈಕಲ್ ಓಡಿಸ್ತಾನೆ. ಮಾವ ರಿವರ್ಸ್ ಹಾಕೋ ಮುಂಚೆ ಈಗಲೂ ಒಮ್ಮೆ ಇಳಿದು ಹಿಂದೆ ನೋಡಿ ಬರ್ತಾರೆ.